ಹೆಬ್ಬೆರಳು ಒತ್ತಿದಷ್ಟು ಗಾಳಿ

ಗಬ್ಬೂರಿನ ಬಸ್‌ಸ್ಟ್ಯಾಂಡ್ ಎದುರಿಗೆ ಲಗೇಜ್ ಆಟೋ ನಿಲ್ಲಿಸಿ ಅರ್ಬಾಜ್ ಚಹಾ ತರಲು ಹೋದದ್ದೇ ತಡ, ಬಸವಲಿಂಗ ಹಿಂದಕ್ಕೆ ಹತ್ತಿ, ಹಗ್ಗ ಬಿಗಿದು ನಿಲ್ಲಿಸಿದ್ದ ಸೈಕಲ್ಲಿನ ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬೆರಳು ಒಳಗೆ ಹೋಯಿತು. ಹಿಂದಿನದನ್ನು ಒತ್ತಿದ. ಅದೂ ಹೋಯಿತು, ಮಾಗಿದ ಪೇರಲಹಣ್ಣು ಒತ್ತಿದ ಹಾಗೆ. ರಾಯಚೂರು ಬಿಡುವಾಗ ಒಮ್ಮೆ ಒತ್ತಿದ್ದ, ಆಗಲೂ ಹೀಗೇ ಇತ್ತು; ಚಳಿಗೆ ಇರಬಹುದು ಎಂದುಕೊಂಡು ಸುಮ್ಮನಾಗಿದ್ದ. ಈಗ ಬಿಸಿಲು ಬಿದ್ದಿತ್ತು. ಗಾಳಿ ತಾನಾಗಿ ಹೋಗಿಲ್ಲ, ಯಾರೋ ಬಿಟ್ಟಿದ್ದಾರೆ ಎಂದು ಬೆರಳು ಹೇಳಿತು. ಹತ್ತು ವರ್ಷ ಡಾಂಬರಿನ ಮೇಲೆ ರೇಸು ಹೊಡೆದವನ ಬೆರಳು ಅದು. ರೋಡ್ ಸೈಕಲ್ಲಿನ ಗಾಲಿಯೆಂದರೆ ಎರಡು ಬೆರಳಿನಷ್ಟು ಸಪೂರ, ಕಲ್ಲಿನಷ್ಟು ಗಟ್ಟಿ. ಉಗುರಿನಿಂದ ತಟ್ಟಿದರೆ ಟಣ್ಣೆನ್ನಬೇಕು, ಟಣ್ಣೆನ್ನದಿದ್ದರೆ ಆ ದಿನ ಸೋತ ಹಾಗೇ. ಈ ಗುಡ್ಡದ ಸೈಕಲ್ಲೇ ಬೇರೆ, ಇದರ ದಪ್ಪ ಗಾಲಿಗೆ ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಅರ್ಬಾಜ್ ಎರಡು ತಿಂಗಳಿಂದ ಹೇಳುತ್ತಲೇ ಇದ್ದ. ಬಸವಲಿಂಗನ ತಲೆ ಅದಕ್ಕೆ ಒಪ್ಪಿತ್ತು, ಬೆರಳು ಒಪ್ಪಿರಲಿಲ್ಲ. ಮತ್ತೆ, ಇಷ್ಟು ಮೆತ್ತಗೆ ಎಂದೂ ಇರಲಿಲ್ಲವಲ್ಲ. ನಿನ್ನೆ ಸೈಕಲ್ ಅಂಗಡಿಯ ಶಟರ್ ಎಳೆಯುವಾಗ ಅರ್ಬಾಜ್ ಅಂದದ್ದು ಈಗ ನೆನಪಾಯಿತು. "ನಾಳಿ ಗಾಲಿ ಚಿಂತಿ ನೀ ಮಾಡಬ್ಯಾಡ. ಅದನ್ನ ನನಗ ಬಿಡು." ಹಾಗೆಂದವನು ನಕ್ಕಿದ್ದನೋ ಇಲ್ಲವೋ? ಶಟರಿನ ಸದ್ದಿನಲ್ಲಿ ಮುಖ ನೋಡಿರಲಿಲ್ಲ.

ಚಹಾದಂಗಡಿಯ ಮುಂದೆ ಅರ್ಬಾಜ್ ಯಾರ ಜೊತೆಗೋ ಮಾತಿಗೆ ನಿಂತಿದ್ದ. ಮಾತಿಗೆ ಸಿಕ್ಕರೆ ಬಿಡುವವನಲ್ಲ. ಎರಡು ಗ್ಲಾಸನ್ನೂ ಬಲಗೈಯಲ್ಲೇ ಹಿಡಿದಿದ್ದ. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ, ಹೋದ ಡಿಸೆಂಬರಿನಿಂದ. ಹೋದ ಡಿಸೆಂಬರಿನವರೆಗೆ ಅವನೂ ಬಸವಲಿಂಗನ ಹಾಗೆ ರೇಸಿನವನೇ. ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ರಾಯಚೂರಿಗೆ ಇಬ್ಬರೂ ಒಂದೇ ನೆರಳಿನ ಹಾಗೆ ತುಳಿದವರು. ಈಗ ಅವನು ಅಪ್ಪ ಅಲ್ಲಾಬಕ್ಷ್‌ರ ಅಂಗಡಿಯಲ್ಲಿ ಪಂಕ್ಚರ್ ತಿದ್ದುತ್ತಾನೆ, ಮೊಬೈಲಿನಲ್ಲಿ ಯಾವುಯಾವುದೋ ದೇಶದ ಗುಡ್ಡದ ರೇಸು ನೋಡುತ್ತಾನೆ, ನೋಡಿ ಕಲಿತದ್ದನ್ನೆಲ್ಲ ಬಸವಲಿಂಗನ ಸೈಕಲ್ಲಿಗೆ ಹಚ್ಚುತ್ತಾನೆ. ಯಾಕೆ ಹಚ್ಚುತ್ತಾನೆ? ಅಷ್ಟು ಪ್ರೀತಿ ಯಾಕೆ? ಗೊತ್ತಾಗಿರಬಹುದು ಎಂದು ಬಸವಲಿಂಗನಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಗೊತ್ತಾಗಿ, ಗೊತ್ತಿಲ್ಲದವನ ಹಾಗೆ ಇದ್ದು, ಒಂದು ದಿನಕ್ಕೆ ಕಾದು ಕೂತಿರಬಹುದು. ಆ ದಿನ ಇವತ್ತೇ ಯಾಕಾಗಬಾರದು? ಬಸವಲಿಂಗನ ಕೈ ಆಗಲೇ ಚೀಲದಲ್ಲಿನ ಕೈಪಂಪು ಹುಡುಕುತ್ತಿತ್ತು. ಮುಂದಿನ ಗಾಲಿಗೆ ಮೂವತ್ತು ಸಲ, ಹಿಂದಿನದಕ್ಕೆ ನಲವತ್ತು ಸಲ ಹೊಡೆದ. ಒತ್ತಿದ. ಬೆರಳು ನಿಂತಿತು. ಒಂದು ಗಳಿಗೆ ಹಾಯೆನಿಸಿತು. ಆಮೇಲೆ ಕದ್ದವನ ಹಾಗೆ ಪಂಪನ್ನು ಚೀಲದ ತಳಕ್ಕೆ, ಟವೆಲಿನ ಕೆಳಗೆ ತುರುಕಿದ.

"ಏನ್ ಲೇ ಬಸ್ಯಾ, ಬೆವರಾಕತ್ತಿ? ಇನ್ನಾ ರೇಸೇ ಶುರು ಆಗಿಲ್ಲ," ಎನ್ನುತ್ತ ಅರ್ಬಾಜ್ ಗ್ಲಾಸು ಚಾಚಿದ. "ಮಿರ್ಚಿ ಬಿಸಿ ಅದಾವಂತ. ನೀ ತಿಂದ್ರ ಗುಡ್ಡ ಹತ್ತಂಗಿಲ್ಲ, ಗುಡ್ಡದ ಹಿಂದ ಕೂಡ್ತಿ. ನಿನ್ನ ಪಾಲಿಂದೂ ನಾನೇ ತಿಂತೀನಿ."

"ತಿನ್ನು," ಎಂದ ಬಸವಲಿಂಗ. ಚಹಾ ಸಿಹಿ ಹೆಚ್ಚಾಗಿತ್ತು. ಗ್ಲಾಸಿನ ಬಿಸಿಗೆ ಹೆಬ್ಬೆರಳು ಚುರುಗುಟ್ಟಿತು.

ಅರ್ಬಾಜ್ ಬಿದ್ದ ದಿನ ಆಸ್ಪತ್ರೆಯ ವರಾಂಡದಲ್ಲೂ ಇಂಥದೇ ಸಿಹಿ ಚಹಾ. ಬಸವಲಿಂಗ ಚಾಚಿ ಎಂದು ಕರೆಯುವ ಅರ್ಬಾಜನ ತಾಯಿ ಶಹಜಾದಿ ಬೇಗಂ ಫ್ಲಾಸ್ಕಿನಿಂದ ಬಗ್ಗಿಸಿ ಬಗ್ಗಿಸಿ ಕೊಡುತ್ತಿದ್ದರು, ಕೊಡುತ್ತಲೇ ಮಗನನ್ನು ಬೈಯುತ್ತಿದ್ದರು. ಆಂಖಾ ಕಾಂ ಥೇ ರೇ ತೇರೇ, ನಿನ್ನ ಕಣ್ಣು ಎಲ್ಲಿಟ್ಟಿದ್ದೆಯೋ. ಹಿಂದೆ ಅಂಟಿಕೊಂಡು ಬರುವವನಿಗೆ ಮುಂದಿನವನ ಕೈಯೇ ಕಣ್ಣು. ಇದು ರೋಡ್ ರೇಸಿನವರು ಮೊದಲ ದಿನ ಕಲಿಯುವ ಮಾತು. ಮುಂದಿನವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದಿನವನು ಗೇಣು ಅಂತರದಲ್ಲಿ ತಲೆ ಬಗ್ಗಿಸಿ ಅವನ ಮರೆಯಲ್ಲಿ ಬರುತ್ತಾನೆ, ದಾರಿ ಕಾಣುವುದಿಲ್ಲ. ತಗ್ಗು ಬಂದರೆ, ಕಲ್ಲು ಬಂದರೆ, ಮುಂದಿನವನು ಹ್ಯಾಂಡಲ್ ಬಿಟ್ಟು ಕೈ ಕೆಳಗೆ ಮಾಡಿ ತೋರಿಸಬೇಕು. ಜಗಳವಾಡಿ ಮಾತು ಬಿಟ್ಟವರೂ ತೋರಿಸುತ್ತಾರೆ. ಆ ಡಿಸೆಂಬರಿನಲ್ಲಿ ಮಾನ್ವಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಭತ್ತಕ್ಕೆ ಗಾಡಿ ಹತ್ತದಿರಲಿ ಎಂದು ಅಂಚಿಗೆ ಕಲ್ಲು ಸಾಲಾಗಿಟ್ಟಿದ್ದರು. ಒಂದು ಕಡೆ ಭತ್ತ ತುಂಬಿಕೊಂಡು ಹೋಗಿದ್ದರು, ಕಲ್ಲು ಮಾತ್ರ ಉಳಿದಿತ್ತು, ತೆಂಗಿನಕಾಯಿ ಗಾತ್ರದ್ದು. ಮುಂದಿದ್ದ ಬಸವಲಿಂಗನಿಗೆ ಕಂಡಿತ್ತು. ಬಿಸಿಲಲ್ಲಿ ಅದರ ಪುಟ್ಟ ನೆರಳೂ ಕಂಡಿತ್ತು. ಮೂರು ಎಣಿಸುವಷ್ಟು ಹೊತ್ತಿತ್ತು. ಅವರಿಬ್ಬರಿಗೂ ಸಂಬಳ ಕೊಡುತ್ತಿದ್ದ ರೇಸಿನ ತಂಡದವರು ಆ ವರ್ಷ ಇಬ್ಬರಲ್ಲಿ ಒಬ್ಬನನ್ನೇ ಇಟ್ಟುಕೊಳ್ಳುವವರಿದ್ದರು, ಕೊನೆಯ ಇನ್ನೂರು ಮೀಟರಿನಲ್ಲಿ ಅರ್ಬಾಜನನ್ನು ಯಾರೂ ಹಿಡಿಯುವಂತಿರಲಿಲ್ಲ, ಇದೆಲ್ಲ ಅವನಿಗೆ ಆಗ ನೆನಪಾಯಿತು ಎಂದೇನಲ್ಲ. ಆದರೆ ಕೈ ಹ್ಯಾಂಡಲ್ ಬಿಡಲಿಲ್ಲ. ಬರೀ ಸೈಕಲ್ಲನ್ನು ಒಂದಿಷ್ಟು ಬಲಕ್ಕೆ ಬಾಗಿಸಿ ತಾನು ಹಾದುಹೋದ. ಹಿಂದೆ ಸದ್ದಾಯಿತು.

ಅದನ್ನೂ ಹೊತ್ತುಕೊಂಡು ಬದುಕಬಹುದಿತ್ತೇನೋ. ಮೂರನೆಯ ದಿನ, ಮಂಚದ ಮೇಲೆ ಮಲಗಿದ್ದ ಅರ್ಬಾಜನೇ ಕೇಳಿದ್ದು, ನಾಚಿಕೊಂಡವನ ಹಾಗೆ: "ನೀ ಕೈ ತೋರ್ಸಿರ್ತಿ ಲೇ. ನಾನೇ ನೋಡ್ಲಿಲ್ಲ ಕಾಣ್ತದ. ತೋರ್ಸಿದ್ದಿ ಅಲ್ಲಾ?"

ಬಸವಲಿಂಗ "ಹೂಂ" ಅಂದಿದ್ದ.

ಅಷ್ಟೇ. ಒಂದು ಹೂಂ. ಅದಕ್ಕೆ ಬಾಯಿಯನ್ನೂ ತೆರೆಯಬೇಕಾಗಿರಲಿಲ್ಲ. ಅಂದಿನಿಂದ ಶಹಜಾದಿ ಬೇಗಂ ಮಗನನ್ನು ಹೆಸರು ಹಿಡಿದು ಕರೆಯುವುದೇ ಅಪರೂಪ. ಅಂಧಾ ಬಾ, ಅಂಧಾ ಉಣ್ಣು. ಮುದ್ದಿಗೋ ಸಿಟ್ಟಿಗೋ ತಿಳಿಯದು. ಅಂಗಡಿಯ ಮೇಲಿನ ಮನೆಗೆ ಬಸವಲಿಂಗ ಹೋದಾಗಲೆಲ್ಲ, "ಈ ಬಸವಲಿಂಗನ್ನ ನೋಡಿ ಕಲಿ," ಎನ್ನುತ್ತಿದ್ದರು, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತ. ತಾನು ರೋಡ್ ಬಿಟ್ಟು ಗುಡ್ಡಕ್ಕೆ ಬಂದದ್ದು ತಂಡದವರ ಒತ್ತಾಯಕ್ಕೆ ಎಂದು ಎಲ್ಲರಿಗೂ ಹೇಳಿದ್ದ. ಅದು ಸುಳ್ಳೇನಲ್ಲ; ಗುಡ್ಡವನ್ನೂ ತುಳಿಯಬಲ್ಲವರನ್ನಷ್ಟೇ ಮುಂದಿನ ವರ್ಷ ಇಟ್ಟುಕೊಳ್ಳುತ್ತೇವೆ ಎಂದು ಅವರು ಬರೆದು ಕಳಿಸಿದ್ದು ನಿಜ. ಆದರೆ ಗುಡ್ಡದಲ್ಲಿ ಯಾರೂ ಯಾರ ಬೆನ್ನಿಗೂ ಅಂಟಿಕೊಂಡು ಬರುವುದಿಲ್ಲ, ಯಾರಿಗೂ ಕೈ ತೋರಿಸಬೇಕಾಗಿಲ್ಲ, ಅವರವರ ಕಲ್ಲು ಅವರವರೇ ನೋಡಿಕೊಳ್ಳಬೇಕು ಎಂದು ಗೊತ್ತಾದ ದಿನ ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ದೇವದುರ್ಗದ ಗುಡ್ಡದ ಬುಡದಲ್ಲಿ ಶಾಮಿಯಾನ ಹಾಕಿದ್ದರು. ಕೋಚ್ ವಿರೂಪಣ್ಣ ಸರ್ ಕುರ್ಚಿ ಬಿಟ್ಟು ಎದ್ದು, ಪ್ಯಾಡು ಕಂಕುಳಲ್ಲಿಟ್ಟುಕೊಂಡು ಬಂದು ಅವನ ಬೆನ್ನು ತಟ್ಟಿದರು. "ಮೂರರಾಗ ಬರಬೇಕು ನೋಡಪಾ. ಮೂರು ಮಂದಿ ರಾಜ್ಯದ ತಂಡಕ್ಕ. ನಾಕನೇದವನ ಹೆಸರು ಬರಿಯಾಕ ನನ್ನ ಹಾಳ್ಯಾಗ ಜಾಗ ಇಲ್ಲ. ನಿನ್ನ ತಂಡದವ್ರೂ ಅದನ್ನೇ ನೋಡಾಕತ್ಯಾರ." ಬಸವಲಿಂಗ ತಲೆಯಾಡಿಸಿದ. ಇಪ್ಪತ್ತೇಳು ವರ್ಷ ಆಗಿತ್ತು ಅವನಿಗೆ. ಸೈಕಲ್ ತುಳಿಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಹುಟ್ಟೂರು ಮಲ್ಲಟದ ಹೊಲ ಅಣ್ಣಂದಿರ ಕೈಯಲ್ಲಿದೆ, ಅಲ್ಲಿ ಅವನು ಹಬ್ಬಕ್ಕೆ ಬರುವ ನೆಂಟ. ಪಕ್ಕದಲ್ಲಿ ನಿಂತಿದ್ದ ಸ್ಥಳೀಯ ಹುಡುಗರಿಬ್ಬರು ಅವನ ಕಾಲು ನೋಡಿ ಒಬ್ಬರನ್ನೊಬ್ಬರು ತಿವಿದರು. ರೋಡ್ ರೇಸಿನವರು ಕಾಲಿನ ಕೂದಲು ಬೋಳಿಸುತ್ತಾರೆ, ಬಿದ್ದು ಕೆತ್ತಿದರೆ ಗಾಯ ತೊಳೆಯಲು ಸಲೀಸು ಎಂದು.

"ಅಣ್ಣಾರ, ಯಾವ ಸೋಪ್ ಹಚ್ತೀರ್ರಿ ಕಾಲಿಗೆ?" ಎಂದ ಒಬ್ಬ.

"ಗುಡ್ಡ ಇಳಿದು ಬಂದ ಮ್ಯಾಲ ಕೇಳಲೇ," ಎಂದ ಇನ್ನೊಬ್ಬ, "ಆವಾಗ ಅಣ್ಣಾರ ಕಾಲು ಇದ್ರ."

ಅರ್ಬಾಜ್ ನಕ್ಕ. ಅವನು ನಕ್ಕದ್ದು ಬಸವಲಿಂಗನಿಗೆ ನಾಟಿತು. ನಗುತ್ತಲೇ ಅವನು ಕುಕ್ಕರಗಾಲಲ್ಲಿ ಕೂತು ಗಾಲಿಯ ಕಡೆ ಕೈ ಚಾಚಿದ. "ತಡಿ, ಒಂದ್ಸಲ ನೋಡಿಬಿಡ್ತೀನಿ."

"ಬ್ಯಾಡ. ಟೈಮ್ ಆತು." ಬಸವಲಿಂಗ ಸೈಕಲ್ಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಅರ್ಬಾಜನ ಕೈ ಗಾಳಿಯಲ್ಲಿ ಒಂದು ಕ್ಷಣ ಹಾಗೇ ನಿಂತಿತು.

ಏರು ಸಲೀಸಾಯಿತು. ಏರು ಎಂದರೆ ಎದೆ ಮತ್ತು ತೊಡೆ, ಅವೆರಡೂ ಅವನ ಬಳಿ ಇದ್ದವು. ನೆತ್ತಿ ಮುಟ್ಟುವಾಗ ನಾಲ್ಕನೆಯವನಾಗಿದ್ದ, ಮೂರನೆಯವನ ಕೆಂಪು ಅಂಗಿ ಕೂಗಳತೆಯಲ್ಲಿತ್ತು. ಇಳಿಜಾರು ಶುರುವಾದದ್ದೇ ಸೈಕಲ್ಲು ಅವನ ಮಾತು ಕೇಳುವುದು ಬಿಟ್ಟಿತು. ಪ್ರತಿ ಕಲ್ಲೂ ಗಾಲಿಯನ್ನು ಚೆಂಡಿನ ಹಾಗೆ ಪುಟಿಸುತ್ತಿತ್ತು, ಪುಟಿದ ಗಾಲಿ ಎಲ್ಲಿ ಇಳಿಯಬೇಕೆಂದು ತಾನೇ ನಿರ್ಧರಿಸುತ್ತಿತ್ತು. ಹಲ್ಲು ಕಟಕಟ ಅಂದವು. ಇದು ಗಾಳಿಯಿಂದಲ್ಲ, ಬ್ರೇಕಿಗೆ ಏನೋ ಮಾಡಿದ್ದಾನೆ, ಎಂದುಕೊಂಡ, ಹ್ಯಾಂಡಲ್ಲಿನ ನಟ್ಟು ಸಡಿಲಿಸಿರಬಹುದು ಎಂದುಕೊಂಡ, ಹಾಗೆ ಅಂದುಕೊಳ್ಳುತ್ತಿರುವುದು ತನಗೆ ತಾನೇ ಕೇಳಿಸಿ, ಛೆ ಎಂದ, ಮತ್ತೆ ಅಂದುಕೊಂಡ. ಅಷ್ಟರಲ್ಲಿ ಎಮ್ಮೆಯ ಬೆನ್ನಿನಂಥ ಬಂಡೆ ಬಂತು. ಬಂಡೆಯ ಮೇಲೆ ಕಲ್ಲುಪುಡಿ. ಗಟ್ಟಿ ಗಾಲಿ ಅದರ ಮೇಲೆ ಗಾಜಿನ ಮೇಲಿನ ಗೋಲಿಯಂತೆ ಅಡ್ಡ ಸರಿಯಿತು. ಬಿದ್ದ. ಮೊಣಕೈ, ಪಕ್ಕೆ, ಆಮೇಲೆ ಆಕಾಶ.

"ಅಯ್ಯ ಯಪ್ಪಾ," ಎಂದಿತು ಒಂದು ದನಿ. ಬಂಡೆಯ ಪಕ್ಕ ಆಡು ಬಿಟ್ಟುಕೊಂಡು ಕೂತಿದ್ದ ಮುದುಕಿ. ಎದ್ದು ಬಂದು ಅವನ ತೋಳು ಹಿಡಿದಳು. "ಆಗಿಲ್ಲಂದ್ರ ಇಳಿದು ನಡಕಂಡು ಹೋಗಬಾರದೇನು? ಹಿಂದ ಯಾರು ಬೆನ್ನು ಹತ್ಯಾರ ನಿನಗ?"

"ಯಾರಿಲ್ಲ ಯವ್ವಾ."

"ಮತ್ತ? ನನ್ನ ಹೆಸರು ವೆಂಕಮ್ಮ ಅಂತ, ಅರವತ್ತು ವರ್ಷ ಆತು ಈ ಗುಡ್ಡ ಇಳಿಯಾಕತ್ತು, ಒಂದಿನ ಬಿದ್ದಿಲ್ಲ. ಹೋಗು, ಹಗೂರ ಹೋಗು."

ಐದನೆಯವನಾಗಿ, ಕುಂಟುತ್ತ, ಮೊದಲ ಸುತ್ತು ಮುಗಿಸಿ ಬುಡಕ್ಕೆ ಬಂದ. ಇನ್ನೊಂದು ಸುತ್ತು ಉಳಿದಿತ್ತು. ರಿಪೇರಿ ಮಾಡಿಸಿಕೊಳ್ಳುವುದಿದ್ದರೆ ಶಾಮಿಯಾನದ ಪಕ್ಕ ಸುಣ್ಣದ ಗೆರೆ ಎಳೆದ ಚೌಕದಲ್ಲಿ ಮಾತ್ರ. ಅರ್ಬಾಜ್ ಅಲ್ಲೇ ನಿಂತಿದ್ದ, ಒದ್ದೆ ಬಟ್ಟೆ ಹಿಡಿದು. ಮೊಣಕೈಯ ರಕ್ತ ಒರೆಸಿ ಸೈಕಲ್ಲು ಕೈಗೆ ತೆಗೆದುಕೊಂಡವನು ಮಾತಾಡುತ್ತಲೇ ಇದ್ದ: ಕೆಂಪಂಗಿಯವ ಬರೀ ಒಂದು ನಿಮಿಷ ಮುಂದೆ, ಅವನಿಗೆ ದಮ್ಮಿಲ್ಲ, ನೀ ಹಿಡಿತಿ. ಹೆಬ್ಬೆರಳು ಗಾಲಿಯ ಮೇಲಿಟ್ಟ. ಮಾತು ನಿಂತಿತು. ಇನ್ನೊಂದಕ್ಕೂ ಇಟ್ಟ.

"ಇದಕ್ಕ ಗಾಳಿ ಯಾರು ಹೊಡದ್ರು?"

"ನಾನೇ. ಗಬ್ಬೂರಾಗ."

"ನಾ ಚಹಾ ತರಾಕ ಹೋದಾಗ?"

"ಹೂಂ."

ಅರ್ಬಾಜ್ ಗಾಲಿಯ ವಾಲ್ವಿನ ಮುಚ್ಚಳ ತಿರುವಿ, ಉಗುರಿನಿಂದ ಒಳಗಿನ ಮೊಳೆ ಒತ್ತಿದ. ಗಾಳಿ ಸುಸ್ಸೆಂದು ಹೊರಟಿತು. "ಹುಚ್ಚಪ್ಪ. ಮೂರು ಸಂಜಿ ಇಲ್ಲಿಗೆ ಬಂದು ಆ ಬಂಡಿಗಲ್ಲು ಕೈಲೆ ಸವರಿ ನೋಡಿ ಹೋಗೀನಿ ನಾ. ಇಷ್ಟು ಗಾಳಿ ಇದ್ರ ಅದರ ಮ್ಯಾಲ ಗಾಲಿ ನಿಂದ್ರಂಗಿಲ್ಲ. ಮೆತ್ತಗ ಇದ್ರ ಗಾಲಿ ಕಲ್ಲನ್ನ ಹಿಡಕಂತದ. ಏನ್ ತಿಳಕಂಡಿ, ನಿನ್ನ ಕೆಡವಾಕ ಗಾಳಿ ಬಿಟ್ಟೀನಿ ಅಂತ?" ಅವನು ನಗುತ್ತಿದ್ದ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ನಗು. "ನಾ ಯಾಕ ಹಂಗ ಮಾಡ್ಲಿ ಲೇ? ನೀ ನನಗೇನು ಮಾಡೀದಿ?"

ಇಲ್ಲಿ ಬಸವಲಿಂಗ ಏನಾದರೂ ಅನ್ನಬೇಕಾಗಿತ್ತು. ಅಲ್ಲ, ನಗಬೇಕಾಗಿತ್ತು. ಥೂ ಹುಚ್ಚ ಎಂದು ನಕ್ಕಿದ್ದರೆ ಮುಗಿಯುತ್ತಿತ್ತು. ಮುಖದ ಚರ್ಮ ಏಳಲಿಲ್ಲ. ಗೊತ್ತಿಲ್ಲ ಇವನಿಗೆ, ಎಂದು ಅವನಿಗೆ ಆಗ ಹೊಳೆಯಿತು, ಎಂದೂ ಗೊತ್ತಾಗಿರಲಿಲ್ಲ, ವರ್ಷವೆಲ್ಲ ತಾನು ಹೆದರಿದ್ದು ತನ್ನೊಳಗೇ ಇದ್ದ ಅರ್ಬಾಜನಿಗೆ. ಎದುರಿನ ಅರ್ಬಾಜ್ ಉತ್ತರಕ್ಕಾಗಿ ತಲೆಯೆತ್ತಿದ. ನಗು ಇನ್ನೂ ತುಟಿಯ ಮೇಲಿತ್ತು. ಆಮೇಲೆ ಕಣ್ಣಿನಿಂದ ಹೋಯಿತು. ಆಮೇಲೆ ತುಟಿಯಿಂದ. ಹಿಂದೆ ಯಾರದೋ ಸೈಕಲ್ಲು ಜೋರಾಗಿ ಹಾದುಹೋಯಿತು. "ಬಸವಲಿಂಗಾ, ಆರನೇದಾತು," ಎಂದು ವಿರೂಪಣ್ಣ ಸರ್ ಕೂಗಿದರು.

"ಬಸ್ಯಾ," ಎಂದ ಅರ್ಬಾಜ್, ಮೆಲ್ಲಗೆ. "ಮಾನ್ವಿ ರೋಡಿನಾಗ ಕೈ ತೋರ್ಸಿದ್ದೇನು?"

ಒಂದು ಹೂಂ ಇನ್ನೂ ಬಾಯಲ್ಲೇ ಇತ್ತು. ಬಾಯಿ ತೆರೆಯದೆಯೇ ಅನ್ನಬಹುದಾದದ್ದು.

"ತೋರ್ಸಿದ್ದಿಲ್ಲ."

"ಕಲ್ಲು ಕಂಡಿತ್ತೇನು?"

"ಕಂಡಿತ್ತು."

"ಏಳನೇದಾತು," ಎಂದರು ವಿರೂಪಣ್ಣ ಸರ್. "ಏನ್ ಮಾಡಾಕತ್ತೀರಲೇ ಇಬ್ರೂ ಅಲ್ಲಿ? ಸಂತಿ ಮಾಡಾಕತ್ತೀರೇನು?"

ಅರ್ಬಾಜ್ ವಾಲ್ವಿನಿಂದ ಉಗುರು ತೆಗೆದಿರಲಿಲ್ಲ. ಗಾಳಿ ಹೋಗುತ್ತಲೇ ಇತ್ತು. ಬಸವಲಿಂಗ ಆ ಸದ್ದನ್ನು ಕೇಳುತ್ತ ನಿಂತ. ನಿಲ್ಲಿಸುತ್ತಾನೋ, ಪೂರ್ತಿ ಬಿಟ್ಟುಬಿಡುತ್ತಾನೋ. ಬಿಡಲಿ ಎಂದು ಒಂದು ಮನಸ್ಸು ಬೇಡಿಕೊಂಡಿತು. ಬಿಟ್ಟುಬಿಟ್ಟರೆ ಸರಿಸಮ ಆಗುತ್ತದೆ. ಸದ್ದು ನಿಂತಿತು. ಅರ್ಬಾಜ್ ಒತ್ತಿ ನೋಡಿದ, ಚೂರು ಬಿಟ್ಟ, ಒತ್ತಿ ನೋಡಿದ. ಹಿಂದಿನ ಗಾಲಿಗೆ ಸರಿದ. ಎಂಟು, ಎಂದರು ಸರ್, ಈ ಸಲ ಕೂಗದೆ.

"ವರ್ಷಾತು," ಎಂದ ಅರ್ಬಾಜ್, ಗಾಲಿಗೇ ಹೇಳುವವನ ಹಾಗೆ. "ಕಣ್ಣು ಮುಚ್ಚಿದ್ರ ನಿನ್ನ ಕೈನೇ ನೋಡ್ತೀನಿ. ನೀ ಎಲ್ಲಿ ತೋರ್ಸಿದ್ದಿ, ನಾ ಎಲ್ಲಿ ನೋಡದ ಬಿಟ್ಟೆ ಅಂತ ಹುಡುಕ್ತೀನಿ. ಸಿಗದೇ ಇದ್ದದ್ದು ಇದಕ್ಕ ಅಲ್ಲೇನು." ಮುಚ್ಚಳ ತಿರುವಿದ. "ಸಂಜಿಗೆ ಮನಿಗೆ ಬರ್ತಿ. ಅಮ್ಮೀ ಮುಂದ ಹೇಳ್ತಿ. ನನಗ ಹೇಳಿದ್ದು ಸಾಕಾಗಂಗಿಲ್ಲ. ಅಂಧಾ ಅಂತ ಕರಿಯೋದು ಆಕಿ, ನಾ ಅಲ್ಲ."

"ಬರ್ತೀನಿ."

"ಇದು ನನ್ನ ಕೆಲಸ, ಮಾಡೀನಿ. ಅದನ್ನೂ ಇದನ್ನೂ ಕೂಡಸಬ್ಯಾಡ." ಎದ್ದು ನಿಂತು ಸೈಕಲ್ಲು ಅವನ ಕಡೆ ದೂಡಿದ. ಮುಖ ನೋಡಲಿಲ್ಲ. "ಒತ್ತಿ ನೋಡು."

ಬಸವಲಿಂಗನ ಹೆಬ್ಬೆರಳು ತಾನಾಗಿ ಗಾಲಿಯ ಕಡೆ ಹೊರಟಿತ್ತು. ಹತ್ತು ವರ್ಷದ ಬೆರಳು. ಅದನ್ನು ಮಡಿಸಿ, ಹ್ಯಾಂಡಲ್ಲಿಗೆ ಸುತ್ತಿ, ಒತ್ತದೆಯೇ ಹತ್ತಿ ಕೂತ.

ಒಂಬತ್ತನೆಯವನಾಗಿ ಎರಡನೆಯ ಏರು ಹಿಡಿದ. ಕೆಂಪಂಗಿ ಎಲ್ಲೂ ಇರಲಿಲ್ಲ. ಮೂವರ ಹೆಸರು ವಿರೂಪಣ್ಣ ಸರ್ ಹಾಳೆಯಲ್ಲಿ ಬರೆದಾದ ಹಾಗೆಯೇ. ತಂಡದ ಅಂಗಿ ಒಗೆದು ಮಡಿಸಿ ವಾಪಸು ಕಳಿಸಬೇಕಾಗಬಹುದು. ಅದರ ದುಃಖ ಎಲ್ಲೋ ಇತ್ತು, ಆಮೇಲೆ ಬರಲಿದೆ ಎಂದು ಗೊತ್ತಿತ್ತು, ಹೊಡೆತ ಬಿದ್ದ ಮೊಣಕೈಗೆ ನೋವು ತಡವಾಗಿ ಬರುವ ಹಾಗೆ. ಈಗ ಇದ್ದದ್ದು ಸಂಜೆ. ಶಹಜಾದಿ ಬೇಗಂ ಬಾಗಿಲಲ್ಲೇ ಕೇಳುತ್ತಾರೆ, ಗೆದ್ದಿಯೇನು ಬೇಟಾ. ಕೂಡಿಸುತ್ತಾರೆ. ತಟ್ಟೆ ಇಡುತ್ತಾರೆ. ತಟ್ಟೆ ಇಡುವ ಮೊದಲೇ ಹೇಳಬೇಕು. ಉಂಡು ಹೇಳುವ ಮಾತಲ್ಲ. ಚಾಚಿ, ಆ ಕಲ್ಲು ನನಗ ಕಂಡಿತ್ತು ಕಾಣ್ತದ. ಅಲ್ಲ, ಕಾಣ್ತದ ಬೇಡ. ಚಾಚಿ, ಅವತ್ತು ಗಡಿಬಿಡ್ಯಾಗ. ಅದೂ ಬೇಡ. ಪೆಡಲಿಗೊಂದು ಮಾತು ಕಳಚುತ್ತ ನೆತ್ತಿ ತಲುಪುವ ಹೊತ್ತಿಗೆ ಉಳಿದದ್ದು ಮೂರು ಮಾತು. ಇಳಿಜಾರು ಬಂತು. ಗಾಳಿ ಸರಿ ಇದೆಯೋ ಇಲ್ಲವೋ, ಅವನಿಗೆ ಈಗಲೂ ಗೊತ್ತಿರಲಿಲ್ಲ, ಒತ್ತಿ ನೋಡಿರಲಿಲ್ಲ. ಕಲ್ಲಿನ ಮೇಲೆ ಕಲ್ಲು ಬಂದವು, ಗಾಲಿ ಒಂದೊಂದನ್ನೂ ನುಂಗಿಕೊಂಡು ಮುಂದೆ ಹೋಯಿತು. ಬಂಡೆ ಬಂತು. ಅದರ ಮೇಲೆ ತಾನು ಬಿದ್ದಲ್ಲಿ ಕೆಂಪಗೆ ಕೆರೆದ ಗುರುತು. ಬ್ರೇಕು ಬಿಟ್ಟು, ಉಸಿರು ಬಿಟ್ಟು, ಬಾಯಿ ಬಿಟ್ಟು ಅಂದ:

"ಕಲ್ಲು ನನಗ ಕಂಡಿತ್ತು."

ವೆಂಕಮ್ಮ ಆಡಿನ ಕಿವಿ ಹಿಡಿದು ಅತ್ತ ಎಳೆದುಕೊಂಡಳು. "ಯಾವ ಕಲ್ಲೋ ಯಪ್ಪಾ," ಎಂದಳು, "ಇಲ್ಲಿ ಬರೇ ಕಲ್ಲೇ ಅದಾವಲ್ಲ."

ಗಾಲಿ ಬಂಡೆಗೆ ಅಂಟಿಕೊಂಡು, ಒಂದಿಷ್ಟು ನಡುಗಿ, ಹಿಡಿತ ಬಿಡದೆ ಕೆಳಗಿಳಿಯಿತು. ಬಸವಲಿಂಗ ಹಿಂದಿರುಗಿ ನೋಡುವಂತಿರಲಿಲ್ಲ. ಮುದುಕಿಗೆ ಕೇಳಿಸುವಷ್ಟು ಹತ್ತಿರವೂ ಉಳಿದಿರಲಿಲ್ಲ. ಆದರೂ ಕೇಳಿದವರಿಗೆ ಉತ್ತರ ಕೊಡಬೇಕಲ್ಲ ಎನಿಸಿ, ಮುಂದಿನ ತಿರುವಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ:

"ಮಾನ್ವಿ ರೋಡಿಂದು, ಯವ್ವಾ."